ಕಾಜು ಅಲ್ಲ, ಗೋಡಂಬಿ

ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಹದಿನೈದು ದಿನದ ಕೂಸು. ಮೊನ್ನೆ ಅವ್ವ ಅಂಟಿನ ಉಂಡಿ ಕಟ್ಟಬೇಕು ಅಂದಳು. ಅವಳಿಗೆ ಓದು ಬರಹ ಬರುವುದಿಲ್ಲ, ಚೀಟಿ ಬರೆದವನು ನಾನೇ. ಅಂಟು ಕಾಲು ಕಿಲೋ, ಉತ್ತತ್ತಿ ಅರ್ಧ ಕಿಲೋ, ಒಣ ಕೊಬ್ಬರಿ, ಗಸಗಸೆ, ಆಳ್ವಿ, ಗೋಡಂಬಿ ನೂರು ಗ್ರಾಂ. ಸಂಜೆ ಅಂಗಡಿ ಮುಚ್ಚಿ ಸೂಪರ್ ಮಾರ್ಕೆಟ್ ಕಡೆ ಹೋಗಿ ಎಲ್ಲ ತಂದೆ. ಅವ್ವ ಒಂದೊಂದೇ ಪೊಟ್ಟಣ ಬಿಚ್ಚಿ ನೋಡಿದಳು. ಕೊನೆಯದನ್ನು ಬಿಚ್ಚಿ ನನ್ನ ಮುಖ ನೋಡಿದಳು.

"ಇದೇನಪಾ? ಕಾಜು ಯಾರ್ ಹೇಳ್ಯಾರ? ನಾ ಗೋಡಂಬಿ ಅಂದೀನಿ."

"ಅವ್ವಾ, ಎರಡೂ ಒಂದೇ."

"ಔಷಧ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆತು ನಿನಗ. ಗೋಡಂಬಿ ಗೊತ್ತಿಲ್ಲ. ಬಿಬ್ಬಿ ಒಳಗಿಂದು ಗೋಡಂಬಿ."

ಬಿಬ್ಬಿ ಅಂದಳು ನೋಡಿ, ನನ್ನ ಕೈ ತಾನಾಗಿ ಕುತ್ತಿಗೆ ಹಿಂದೆ ಹೋಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪುಸ್ತಕದ ಕನ್ನಡದಲ್ಲಿ ಗೋಡಂಬಿ ಅಂದರೆ ಕಾಜು. ಬೆಂಗಳೂರಿನವರನ್ನು ಕೇಳಿ, ಮೈಸೂರಿನವರನ್ನು ಕೇಳಿ, ಅದನ್ನೇ ಹೇಳುತ್ತಾರೆ. ಆದರೆ ನಮ್ಮದು ಆಳಂದ ಸೀಮೆ. ಊರು ದಾಟಿ ಸ್ವಲ್ಪ ಹೋದರೆ ಮಹಾರಾಷ್ಟ್ರ. ಅಲ್ಲಿಯ ಮರಾಠಿಯಲ್ಲೂ, ನಮ್ಮ ಹಳೇ ಮಂದಿಯ ಬಾಯಲ್ಲೂ ಗೋಡಂಬಿ ಅಂದರೆ ಬಿಬ್ಬಿ ಕಾಯಿ ಒಡೆದಾಗ ಸಿಗುವ ಬಿಳಿ ತಿರುಳು. ಬಿಬ್ಬಿಗೆ ಇರುವ ಹೆಸರುಗಳನ್ನು ಕೇಳಿದರೆ ತಲೆ ತಿರುಗುತ್ತದೆ. ಮರಾಠಿಯವರಿಗೆ ಬಿಬ್ಬಾ. ನಮ್ಮ ದಖನಿ ಉರ್ದುವಿನವರಿಗೆ ಭಿಲಾವಾ. ತೆಲಂಗಾಣ ಕಡೆಯಿಂದ ಬಂದವರಿಗೆ ಜೀಡಿ. ಯುನಾನಿ ಹಕೀಮರಿಗೆ ಬಲಾದುರ್. ಆಯುರ್ವೇದದವರಿಗೆ ಭಲ್ಲಾತಕ. ಕನ್ನಡ ಪುಸ್ತಕದಲ್ಲಿ ಗೇರು, ಕರೀಗೇರು. ಇದರಲ್ಲಿ ಗೇರು ಅನ್ನುವುದು ದೊಡ್ಡ ತೊಡಕು. ಕರಾವಳಿಯಲ್ಲಿ ಗೇರು ಬೀಜ ಅಂದರೆ ಮತ್ತೆ ಕಾಜುವೇ!

ಇದು ಸುಮ್ನೆ ಹೆಸರಿನ ಜಗಳ ಅಲ್ಲ. ಕಾಜು ಗಿಡ ನಮ್ಮದಲ್ಲ, 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದಿದ್ದು. ಬಿಬ್ಬಿ ಗಿಡ ಅದಕ್ಕೂ ಎಷ್ಟೋ ಮೊದಲಿನಿಂದ ನಮ್ಮ ಕಾಡಿನಲ್ಲಿದೆ. ಯುರೋಪಿನ ಔಷಧ ಅಂಗಡಿಯವರು ಹಿಂದೆ 'ಅನಾಕಾರ್ಡಿಯಂ' ಅನ್ನುತ್ತಿದ್ದದ್ದು ನಮ್ಮ ಬಿಬ್ಬಿಯನ್ನೇ. ಹೃದಯದ ಆಕಾರದ್ದು ಅಂತ ಅರ್ಥ. ಸಸ್ಯಶಾಸ್ತ್ರಜ್ಞ ಲಿನೇಯಸ್ ಆ ಹೆಸರನ್ನು ಎತ್ತಿ ಕಾಜುವಿಗೆ ಇಟ್ಟುಬಿಟ್ಟ. ಆಮೇಲೆ ಅವನ ಮಗ ನಮ್ಮದಕ್ಕೆ 'ಸೆಮೆಕಾರ್ಪಸ್ ಅನಾಕಾರ್ಡಿಯಂ' ಅಂತ ಕೊಟ್ಟ. ಸೆಮೆಕಾರ್ಪಸ್ ಅಂದರೆ ಗ್ರೀಕಿನಲ್ಲಿ ಗುರುತು ಹಾಕುವ ಕಾಯಿ. ಅಂದರೆ ಹೆಸರು ಕಳವಾಗಿದ್ದು ಕನ್ನಡದಲ್ಲಿ ಮಾತ್ರ ಅಲ್ಲ.

ಕಾಜು, ಮಾವು, ಪಿಸ್ತಾ, ಬಿಬ್ಬಿ ಎಲ್ಲ ಒಂದೇ ಕುಟುಂಬದ ಗಿಡಗಳು. ಅಮೆರಿಕದಲ್ಲಿ ಮೈಮೇಲೆ ಗುಳ್ಳೆ ಎಬ್ಬಿಸುವ ಪಾಯ್ಸನ್ ಐವಿ ಬಳ್ಳಿಯೂ ಇದೇ ಮನೆತನದ್ದು. ಚಿಂಚೋಳಿ ಕಡೆ ಸಂಬಂಧಿಕರ ಹೊಲದ ಅಂಚಿನಲ್ಲಿ ಒಂದು ಬಿಬ್ಬಿ ಗಿಡ ಇತ್ತು. ದೊಡ್ಡ ದೊಡ್ಡ ಎಲೆ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ. ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತಿದ್ದವು. ಬೇಸಿಗೆಗೆ ಮುಂಚೆ ಕಾಯಿ ಹಣ್ಣಾಗುತ್ತಿತ್ತು. ಕಿತ್ತಳೆ ಬಣ್ಣದ ಮೆತ್ತನೆ ಹಣ್ಣು, ಅದರ ತುದಿಗೆ ಕಪ್ಪಗೆ ಮಿರಿಮಿರಿ ಮಿಂಚುವ ಕಾಯಿ. ಕಾಜು ಹಣ್ಣಿನ ತದ್ರೂಪು, ಸಣ್ಣ ಗಾತ್ರದಲ್ಲಿ. ಕಿತ್ತಳೆ ಭಾಗವನ್ನು ಸುಟ್ಟು, ಒಣಗಿಸಿ ತಿನ್ನುತ್ತಾರೆ. ಕಪ್ಪು ಕಾಯಿಯ ಒಳಗಿನ ತಿರುಳನ್ನೂ ತಿನ್ನುತ್ತಾರೆ. ಇವೆರಡರ ಮಧ್ಯೆ, ಕಾಯಿಯ ದಪ್ಪ ಸಿಪ್ಪೆಯೊಳಗೆ ಒಂದು ಎಣ್ಣೆ ಇದೆ. ಎಲ್ಲ ಕಥೆ ಆ ಎಣ್ಣೆಯದ್ದು.

ನಮ್ಮ ಆಯಿ ಬಿಬ್ಬಿ ಚುಕ್ಕೆ ಇಡುತ್ತಿದ್ದಳು. ಅಪ್ಪನ ಅವ್ವ ಅವಳು. ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿ ಹಿಮ್ಮಡಿ ಬಾತವರು, ಎತ್ತಿನ ಕಾಲು ಉಳುಕಿದವರು, ಕಾಲು ಒಡೆದು ರಕ್ತ ಬರುವವರು ಸಂಜೆ ಅವಳ ಹತ್ತಿರ ಬರುತ್ತಿದ್ದರು. ಮೊದಲು ಅವಳು ತನ್ನ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕಾಯಿಗೆ ದಬ್ಬಣ ಚುಚ್ಚಿ, ಗೋಡೆಯ ಮಾಡದಲ್ಲಿಟ್ಟ ದೀಪದ ಉರಿಗೆ ಹಿಡಿಯುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚುರ್ ಅಂತ ಸದ್ದು. ದಬ್ಬಣದ ಪಕ್ಕದಲ್ಲಿ ಒಂದು ಹನಿ ಉಕ್ಕಿ ಬರುತ್ತಿತ್ತು, ಕಾಕಂಬಿಯ ಹಾಗೆ. ಆ ಹನಿಯನ್ನು ದಬ್ಬಣದ ತುದಿಯಿಂದ ಮುಳ್ಳು ಚುಚ್ಚಿದ ಜಾಗಕ್ಕೆ ಮುಟ್ಟಿಸುತ್ತಿದ್ದಳು. ಒಂದು, ಎರಡು, ಮೂರು. ಮೂರರ ಮೇಲೆ ನಾಲ್ಕನೆಯದು ಎಂದೂ ಇಡಲಿಲ್ಲ. ಆಮೇಲೆ ಕಾಯಿಯನ್ನು ಸಗಣಿಯಲ್ಲಿ ಸುತ್ತಿ ದೂರ ಹೂಳಿಸುತ್ತಿದ್ದಳು. ಕೈ ತೊಳೆಯುವವರೆಗೆ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ನಾವು ಹೊಗೆಗೆ ಅಡ್ಡ ನಿಂತರೂ ಬೈಯುತ್ತಿದ್ದಳು.

ಇನ್ನೊಂದು ಇತ್ತು. ಚುಕ್ಕೆ ಇಡುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಮಾವಿನ ಸೊನಿ ತಾಗ್ತದೇನು ನಿನಗ?" ಹೌದು ಅಂದರೆ ಮುಗಿಯಿತು. "ಹಂಗಾರ ನಾ ಇಡಂಗಿಲ್ಲ, ಹೋಗು." ಎಷ್ಟು ಗೋಗರೆದರೂ ಇಲ್ಲ. ಕಾಲು ನೋವಿಗೂ ಮಾವಿನಕಾಯಿಗೂ ಏನು ಸಂಬಂಧ ಅಂತ ನಾನು ನಗುತ್ತಿದ್ದೆ. ನನಗಾಗ ಹತ್ತು ವರ್ಷ.

ನಕ್ಕಿದ್ದಕ್ಕೆ ಶಿಕ್ಷೆ 1997ರಲ್ಲಿ ಆಯಿತು. ಆಗಿನ್ನೂ ಊರು ಗುಲ್ಬರ್ಗಾ. ನಾನು ಡಿ.ಫಾರ್ಮ್ ಓದುತ್ತಿದ್ದೆ. ರೂಮಿನಲ್ಲಿ ನಾಲ್ಕು ಹುಡುಗರು. ಲ್ಯಾಬಿನ ಬಿಳಿ ಏಪ್ರನ್‌ಗಳು ಯಾವಾಗಲೂ ಅದಲುಬದಲು. ನನ್ನದು ಹೊಸದು, ಅದು ದಿನವೂ ಬೇರೆಯವರ ಮೈಮೇಲೆ. ಇಂಕಿನಲ್ಲಿ ಹೆಸರು ಬರೆದರೆ ಒಂದೇ ಒಗೆತಕ್ಕೆ ಹೋಗುತ್ತಿತ್ತು. ಊರಲ್ಲಿ ಅಗಸರು ಬಿಬ್ಬಿಯಿಂದ ಬಟ್ಟೆಗೆ ನಿಶಾನಿ ಹಾಕುತ್ತಿದ್ದದ್ದು ನೆನಪಾಯಿತು. ಒಮ್ಮೆ ಹಾಕಿದರೆ ಬಟ್ಟೆ ಹರಿದರೂ ಗುರುತು ಹೋಗದು. ಗಿಡಮೂಲಿಕೆ ಮಾರುವ ಅತ್ತಾರ್ ಅಂಗಡಿಯಿಂದ ಎಂಟಾಣೆಗೆ ನಾಲ್ಕು ಕಾಯಿ ತಂದೆ. ಸೂಜಿ ಕಾಸಿ, ಎಣ್ಣೆ ತೆಗೆದು, ಏಪ್ರನ್ನಿನ ಕಾಲರ್ ಒಳಗೆ ನನ್ನ ಹೆಸರಿನ ಎರಡು ಅಕ್ಷರ ಬರೆದೆ. ಮೊದಲು ಕಂದು ಬಣ್ಣ. ನೋಡನೋಡುತ್ತ ಕಪ್ಪಾಯಿತು. ಗಾಳಿ ತಾಗಿದರೆ ಅದು ಹಾಗೆ ಕಪ್ಪಾಗುತ್ತದೆ. ಅಗಸರು ಮೇಲೆ ಸುಣ್ಣ ಹಚ್ಚಿ ಬಣ್ಣ ಕೂರಿಸುತ್ತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿ?

ಮರುದಿನ ಏಪ್ರನ್ ಹಾಕಿಕೊಂಡು ಲ್ಯಾಬಿಗೆ ಹೋದೆ. ಆ ದಿನ ಏನೂ ಆಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಕುತ್ತಿಗೆ ಹಿಂದೆ ಉರಿ. ಮಧ್ಯಾಹ್ನ ಕೆರೆತ. ರಾತ್ರಿಗೆ ಗುಳ್ಳೆ, ನೀರು ತುಂಬಿದ ಗುಳ್ಳೆ, ಒಂದರ ಪಕ್ಕ ಒಂದು. ಗೆಳೆಯನೊಬ್ಬ ಕನ್ನಡಿ ಹಿಡಿದು ತೋರಿಸಿದ. ನನ್ನ ಹೆಸರಿನ ಎರಡು ಅಕ್ಷರ, ಉಲ್ಟಾ, ಕುತ್ತಿಗೆಯ ಮೇಲೆ ಗುಳ್ಳೆಯಲ್ಲಿ ಬರೆದ ಹಾಗೆ! ಆಮೇಲೆ ಕೆರೆದು ಕೆರೆದು ಅದು ಕಿವಿಯವರೆಗೂ ಹೋಯಿತು. ಕಣ್ಣು ಬಾತು ಮುಚ್ಚಿಕೊಂಡಿತು, ಯಾಕೆಂದರೆ ಉಗುರಲ್ಲಿ ಎಣ್ಣೆ ಉಳಿದಿತ್ತು. ಚರ್ಮದ ಡಾಕ್ಟರು ನೋಡಿ ಒಂದೇ ಮಾತು ಹೇಳಿದರು. "ಧೋಬಿ ಮಾರ್ಕ್."

ನನಗಾದದ್ದು ಹೊಸದೇನಲ್ಲ ಅಂತ ಆಮೇಲೆ ಓದಿದೆ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕುತ್ತಿಗೆ ಹಿಂದೆ, ಸೊಂಟದ ಹತ್ತಿರ ಇಂಥದ್ದೇ ಗುಳ್ಳೆ. ಬೂಜು, ಕಜ್ಜಿ ಅಂತ ಮದ್ದು ಮಾಡಿ ಸೋತಿದ್ದರು. ನೋಡಿದರೆ ಅಂಗಿ, ಚಡ್ಡಿಗೆ ಅಗಸರು ಹಾಕಿದ ಬಿಬ್ಬಿ ಗುರುತು ಮೈಗೆ ತಾಗುವ ಕಡೆಯಲ್ಲೇ ಎಲ್ಲ. 1943ರಲ್ಲಿ ಅವರ ಸೇನೆಯ ವೈದ್ಯರು ಅದನ್ನು ಧೋಬಿ ಮಾರ್ಕ್ ಅಂತ ಹೆಸರಿಟ್ಟು ಬರೆದರು. ಒಗೆದ ಬಟ್ಟೆಯಲ್ಲೂ ಆ ಶಕ್ತಿ ಉಳಿದಿತ್ತು ಅಂದರೆ ನೋಡಿ.

ಎಣ್ಣೆಯಲ್ಲಿರುವ ಮುಖ್ಯ ವಸ್ತುವಿಗೆ ಭಿಲಾವನಾಲ್ ಅಂತ ಹೆಸರು. ಭಿಲಾವಾ ಅನ್ನುವ ನಮ್ಮ ಹೆಸರಿನಿಂದಲೇ ಬಂದದ್ದು. ಪಾಯ್ಸನ್ ಐವಿಯಲ್ಲಿರುವ ವಸ್ತುವಿನ ಅಣ್ಣತಮ್ಮ. ಇದು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಮೈಯ ಕಾವಲುಗಾರ ಕಣಗಳು ಆ ಚರ್ಮವನ್ನೇ ಪರಕೀಯ ಅಂದುಕೊಂಡು ಮೇಲೆ ಬೀಳುತ್ತವೆ. ಇದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ನನಗೆ ಮೊದಲ ದಿನ ಏನೂ ಆಗದಿದ್ದದ್ದು ಅದಕ್ಕೆ. ಹಸಿ ಎಣ್ಣೆ ಜಾಸ್ತಿ ಬಿದ್ದರೆ ಅಲರ್ಜಿಯೂ ಬೇಕಿಲ್ಲ, ನೇರವಾಗಿ ಸುಡುತ್ತದೆ.

ಇಲ್ಲಿ ಒಂದು ಮೋಸ ಇದೆ, ಇದನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಮೊದಲ ಸಲ ಹಚ್ಚಿದಾಗ ಮೈ ಆ ವಸ್ತುವನ್ನು ಗುರುತು ಹಿಡಿಯುವುದನ್ನು ಕಲಿಯುತ್ತದೆ, ಅಷ್ಟೇ. ಗುಳ್ಳೆ ಏಳದಿರಬಹುದು. ಎರಡನೆಯ ಸಲವೋ ಐದನೆಯ ಸಲವೋ ಸಿಟ್ಟು ಹೊರಬರುತ್ತದೆ. "ಹೋದ ವರ್ಷ ಹಚ್ಚಿದ್ದೆ ಅಣ್ಣಾ, ಏನೂ ಆಗಿರಲಿಲ್ಲ" ಅನ್ನುವವರೇ ಜಾಸ್ತಿ ಕೆಟ್ಟು ಬರುತ್ತಾರೆ. ಮಾವಿನ ಸೊನೆ ತಾಗುವವರ ಮೈ ಈ ಪಾಠವನ್ನು ಆಗಲೇ ಕಲಿತಿರುತ್ತದೆ. ಮಾವಿನ ಸೊನೆಯಲ್ಲೂ, ಕಾಜು ಸಿಪ್ಪೆಯ ಎಣ್ಣೆಯಲ್ಲೂ ಇದೇ ಜಾತಿಯ ವಸ್ತುಗಳಿವೆ. ಒಂದಕ್ಕೆ ಸಿಟ್ಟಾದ ಮೈ ಇನ್ನೊಂದಕ್ಕೂ ಸಿಟ್ಟಾಗುತ್ತದೆ.

ಆಯಿಗೆ ಪ್ರೋಟೀನ್ ಗೊತ್ತಿರಲಿಲ್ಲ. ಪ್ರಶ್ನೆ ಗೊತ್ತಿತ್ತು.

ಈಗ ಅಂಗಡಿಗೆ ಬರುವವರ ಕಥೆ. ಎರಡು ವರ್ಷದ ಹಿಂದೆ ಒಬ್ಬ ಆಟೋದವರು ಬಂದರು. ಎರಡೂ ಮೊಣಕಾಲಿಗೆ ಬಟ್ಟೆ ಸುತ್ತಿದ್ದರು. ಬಿಚ್ಚಿದರೆ ಚಿಪ್ಪಿನ ಸುತ್ತ ಚರ್ಮವೇ ಇಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದ್ದರಂತೆ, ಗೇರು ಬೀಜದ ಎಣ್ಣೆ ಹಚ್ಚಿದರೆ ಮೊಣಕಾಲು ನೋವು ಮಾಯ ಅಂತ. ಅತ್ತಾರ್ ಅಂಗಡಿಯಲ್ಲಿ ಗೇರು ಬೀಜ ಕೇಳಿದ್ದಾರೆ, ಅವರು ಬಿಬ್ಬಿ ಕೊಟ್ಟಿದ್ದಾರೆ. ವಿಡಿಯೋದವನು ಹೇಳಿದ್ದು ಯಾವ ಗೇರೋ ದೇವರಿಗೇ ಗೊತ್ತು. ಇವರು ಹತ್ತು ಕಾಯಿ ಜಜ್ಜಿ, ಎಳ್ಳೆಣ್ಣೆಯಲ್ಲಿ ಕುದಿಸಿ, ರಾತ್ರಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಮಲಗಿದ್ದಾರೆ. ಆಯಿಯ ಮೂರು ಚುಕ್ಕೆ ಎಲ್ಲಿ, ಈ ಹತ್ತು ಕಾಯಿ ಎಲ್ಲಿ. ನಾನು ಯಾವ ಮುಲಾಮೂ ಕೊಡಲಿಲ್ಲ, ನೇರ ಡಾಕ್ಟರ ಹತ್ತಿರ ಕಳಿಸಿದೆ.

ಇನ್ನೊಂದು ಕೇಸು ನನ್ನನ್ನು ಇವತ್ತಿಗೂ ಕಾಡುತ್ತದೆ. ಒಬ್ಬ ಹೆಣ್ಣುಮಗಳು ಮಾವನಿಗೆ ಅಂತ ಕೆಮ್ಮಿನ ಔಷಧಕ್ಕೆ ಬರುತ್ತಿದ್ದಳು. ಒಂದು ದಿನ ಬಂದು, "ಅಣ್ಣಾ, ಮಾಮಾರಿಗಿ ಮೂರು ದಿನದಿಂದ ಒಂದಾಕ್ಕ ಸರಿ ಹೋಗವಲ್ದು, ಹೋದರೂ ಚಹಾದ ಬಣ್ಣ" ಅಂದಳು. ಏನಾದರೂ ಕೊಟ್ಟಿರಾ ಅಂತ ಕೇಳಿದೆ. ಬಿಸಿ ಹಾಲಿನಲ್ಲಿ ಬಿಬ್ಬಿ ಹನಿ ಹಾಕಿ ಕೊಟ್ಟಿದ್ದರು, ದಿನಕ್ಕೆ ಎರಡು ಸಲ, ಒಂದು ವಾರ. ಹಾಲಿನಲ್ಲಿ ಒಂದು ಹನಿ ಕೊಡುವುದು ಹಳೇ ಪದ್ಧತಿಯೇ. ಆದರೆ ಹನಿ ಎಷ್ಟು ದೊಡ್ಡದಿತ್ತು, ಎಷ್ಟು ಬಿತ್ತು, ಯಾರು ನೋಡಿದರು? ಅದೇ ದಿನ ಆಸ್ಪತ್ರೆಗೆ ಸೇರಿಸಿದರು. ಎರಡು ಸಲ ಡಯಾಲಿಸಿಸ್ ಆಗಿ ಮುದುಕರು ಉಳಿದರು. ಬಿಬ್ಬಿಯ ರಸದಿಂದ ಮೂತ್ರಪಿಂಡದ ಹೊರಪದರವೇ ಸತ್ತ ಕೇಸನ್ನು 1979ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ನಾನದನ್ನು ಓದಿದ್ದು ಈ ಮುದುಕರ ಪ್ರಸಂಗ ಆದ ಮೇಲೆ.

ಹಾಗಾದರೆ ಬಿಬ್ಬಿ ಬರೀ ವಿಷವೇ? ಅದೂ ಅಲ್ಲ. ನನ್ನ ಅಂಗಡಿಯ ಮೂರನೆಯ ಕಪಾಟಿನಲ್ಲಿ ಸಂಜೀವನಿ ವಟಿ ಇದೆ. ಹೊಟ್ಟೆ ಕೆಟ್ಟರೆ, ಜ್ವರ ಬಂದರೆ ವೈದ್ಯರು ಬರೆಯುತ್ತಾರೆ. ಅದರ ಹತ್ತು ವಸ್ತುಗಳಲ್ಲಿ ಭಲ್ಲಾತಕ ಒಂದು. ಮೂಲವ್ಯಾಧಿ, ಕೀಲು ನೋವು, ಚರ್ಮರೋಗ, ಜಂತು ಎಲ್ಲಕ್ಕೂ ಹಳೇ ವೈದ್ಯದಲ್ಲಿ ಇದರ ಹೆಸರಿದೆ. ಚರಕ ಸಂಹಿತೆಯಲ್ಲಿ ಮುಪ್ಪು ದೂರ ಮಾಡುವ ರಸಾಯನಗಳ ಪಟ್ಟಿಯಲ್ಲೇ ಭಲ್ಲಾತಕಕ್ಕೆ ಜಾಗ ಕೊಟ್ಟಿದ್ದಾರೆ. ಅಲ್ಲೇ ಎಚ್ಚರಿಕೆಯೂ ಇದೆ. ಇದು ಬೆಂಕಿಯಂಥದ್ದು, ಸುಟ್ಟು ಹುಣ್ಣು ಮಾಡುತ್ತದೆ, ಕ್ರಮ ತಪ್ಪದೆ ಬಳಸಿದರೆ ಮಾತ್ರ ಅಮೃತ ಅಂತ. ಇದಕ್ಕೆ ಸಂಸ್ಕೃತದಲ್ಲಿ ಅರುಷ್ಕರ ಅಂತ ಇನ್ನೊಂದು ಹೆಸರು, ಹುಣ್ಣು ಮಾಡುವಂಥದ್ದು ಅಂತ ಅರ್ಥ. ಯಾವ ಔಷಧಕ್ಕೆ ಅದರ ಸೈಡ್ ಎಫೆಕ್ಟನ್ನೇ ಹೆಸರಾಗಿ ಇಡುತ್ತಾರೆ ಹೇಳಿ?

ಆ 'ಕ್ರಮ' ಅಂದರೆ ಏನು ಅಂತ ಪರಿಚಯದ ಆಯುರ್ವೇದ ವೈದ್ಯರೊಬ್ಬರು ತೋರಿಸಿದ್ದರು. ಹಣ್ಣಾದ ಕಾಯಿಗಳನ್ನೇ ಆರಿಸಬೇಕು. ಕೈಗೆ ಗವಸು. ತೊಟ್ಟಿನ ತುದಿ ಕತ್ತರಿಸಬೇಕು. ಆಮೇಲೆ ಇಟ್ಟಿಗೆ ಪುಡಿಯ ಜೊತೆ ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ತಿಕ್ಕಬೇಕು. ಇಟ್ಟಿಗೆ ಪುಡಿ ಎಣ್ಣೆ ಕುಡಿದು ಒದ್ದೆಯಾಗುತ್ತದೆ. ಪುಡಿ ಬದಲಿಸಿ ಮತ್ತೆ ತಿಕ್ಕಬೇಕು. ದಿನಗಟ್ಟಲೆ. ಕಾಯಿಯ ಸಿಪ್ಪೆ ಮಿಂಚು ಕಳೆದುಕೊಂಡು ಬೂದು ಬಣ್ಣಕ್ಕೆ ಬಂದ ಮೇಲೆ ಬಿಸಿನೀರಲ್ಲಿ ತೊಳೆಯಬೇಕು. ಇಷ್ಟಾದರೂ ಔಷಧ ತೆಗೆದುಕೊಳ್ಳುವವರು ಬಿಸಿಲಿಗೆ ಹೋಗಬಾರದು, ಬೆಂಕಿಯ ಮುಂದೆ ಕೂಡಬಾರದು, ಹಾಲು ತುಪ್ಪ ಅನ್ನ ಉಣ್ಣಬೇಕು. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಈ ಪಥ್ಯ ಯಾರಿಗೆ ಸಾಧ್ಯ?

ಸರ್ಕಾರಕ್ಕೂ ಇದು ಗೊತ್ತಿದೆ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಇ(1) ಅಂತ ಒಂದು ಪಟ್ಟಿ ಇದೆ. ದೇಶೀ ವೈದ್ಯದಲ್ಲಿ ಬಳಸುವ ವಿಷಪದಾರ್ಥಗಳ ಪಟ್ಟಿ. ಅಫೀಮು, ದತ್ತೂರಿ, ವತ್ಸನಾಭಿ, ಕಾಸರಕದ ಸಾಲಿನಲ್ಲಿ ಭಲ್ಲಾತಕವೂ ಇದೆ. ಇಂಥ ಔಷಧ ಹೊಟ್ಟೆಗೆ ತೆಗೆದುಕೊಳ್ಳುವಂಥದ್ದಾದರೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಿ ಅಂತ ಲೇಬಲ್ ಮೇಲೆ ಎಚ್ಚರಿಕೆ ಹಾಕಲೇಬೇಕು. ಸಂಜೀವನಿ ವಟಿ ಡಬ್ಬಿ ತಿರುಗಿಸಿ ನೋಡಿ. ಆದರೆ ಡಬ್ಬಿಯೊಳಗಿನ ಶುದ್ಧ ಮಾಡಿದ ಒಂದು ಚೂರಿಗೆ ಲೇಬಲ್ ಬೇಕು. ಚೀಲದಲ್ಲಿ ಸುರಿದ ಹಸಿ ಕಾಯಿಗೆ ಯಾವ ಲೇಬಲ್ಲೂ ಇಲ್ಲ. ಕಾಗದದಲ್ಲಿ ಕಟ್ಟಿ ಕೊಡುತ್ತಾರೆ, ಲಿಂಬೆಹಣ್ಣು ಮೆಣಸಿನಕಾಯಿ ಜೊತೆ ಬಾಗಿಲಿಗೆ ಕಟ್ಟಲು ಅಂತ ಒಬ್ಬರು, ಮೊಣಕಾಲಿಗೆ ಅಂತ ಒಬ್ಬರು. ದೃಷ್ಟಿಗೆ ಬಾಗಿಲಲ್ಲಿ ತೂಗುಬಿಟ್ಟ ಬಿಬ್ಬಿಯಿಂದ ಯಾರಿಗೂ ತೊಂದರೆ ಇಲ್ಲ, ಮಕ್ಕಳ ಕೈಗೆ ಸಿಗದಿದ್ದರೆ. ನನ್ನ ಪ್ರಕಾರ ಅದು ಬಿಬ್ಬಿಯ ಅತ್ಯಂತ ಸುರಕ್ಷಿತ ಉಪಯೋಗ!

ವಿಜ್ಞಾನಿಗಳೂ ಸುಮ್ಮನಿಲ್ಲ. ತಮಿಳಿನಲ್ಲಿ ಬಿಬ್ಬಿಗೆ ಸೇರಾಂಕೊಟ್ಟೈ ಅನ್ನುತ್ತಾರೆ. ಸಿದ್ಧ ವೈದ್ಯದಲ್ಲಿ ಅದರ ತುಪ್ಪ ಮಾಡುತ್ತಾರೆ. ಮದ್ರಾಸ್ ವಿಶ್ವವಿದ್ಯಾಲಯದವರು ಕೀಲುವಾತ ಬರಿಸಿದ ಇಲಿಗಳಿಗೆ, ಗಡ್ಡೆ ಬರಿಸಿದ ಇಲಿಗಳಿಗೆ ಬಿಬ್ಬಿಯ ಔಷಧ ಕೊಟ್ಟು ನೋಡಿದ್ದಾರೆ. ಬಾವು ಇಳಿದಿದೆ, ಗಡ್ಡೆಯ ಮೇಲೂ ಪರಿಣಾಮ ಕಂಡಿದೆ. ಇದನ್ನೇ ಹಿಡಿದುಕೊಂಡು ಕ್ಯಾನ್ಸರಿಗೆ ಬಿಬ್ಬಿ ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಇಲಿಯೇ ಬೇರೆ, ನಾವೇ ಬೇರೆ. ಲ್ಯಾಬಿನ ಇಲಿಗೆ ತೂಕ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಮ್ಮ ಮಂದಿ ಚಮಚ ಲೆಕ್ಕದಲ್ಲಿ ಹಾಕುತ್ತಾರೆ. ಕೀಲು ನೋವಿಗೆ ಮುಂದೊಂದು ದಿನ ಇದರಿಂದ ಒಳ್ಳೆಯ ಮಾತ್ರೆ ಬಂದರೆ ನಾನೇ ಮೊದಲು ಕಪಾಟಿನಲ್ಲಿ ಇಡುತ್ತೇನೆ. ಬರುವವರೆಗೆ ಇಲ್ಲ.

ನೆನಪಿನ ಶಕ್ತಿಗೆ ಬಿಬ್ಬಿ ಒಳ್ಳೆಯದು ಅನ್ನುವ ಮಾತೂ ಇದೆ. ಹೋಮಿಯೋಪಥಿಯವರು ಮರೆವಿಗೆ ಅನಾಕಾರ್ಡಿಯಂ ಗುಳಿಗೆ ಕೊಡುತ್ತಾರಲ್ಲ, ಅದು ಈ ಕಾಯಿಯಿಂದಲೇ, ಕಾಜುವಿನಿಂದಲ್ಲ. ದರ್ಗಾ ಕಡೆಯ ಹಕೀಮರೊಬ್ಬರು ಒಮ್ಮೆ ಚಹಾ ಕುಡಿಯುತ್ತ ಒಂದು ಕಥೆ ಹೇಳಿದರು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಬಲಾದುರಿ ಅಂತ ದೊಡ್ಡ ಇತಿಹಾಸಕಾರ ಇದ್ದ. ನೆನಪು ಹೆಚ್ಚಲಿ ಅಂತ ಬಲಾದುರ್ ಕುಡಿದು ಕುಡಿದು ಬುದ್ಧಿಯೇ ಕೆಟ್ಟು ಸತ್ತನಂತೆ, ಹೆಸರೂ ಅದರಿಂದಲೇ ಬಂತಂತೆ. ಕುಡಿದವನು ಅವನಲ್ಲ, ಅವನ ಅಜ್ಜ ಅಂತಲೂ ಹೇಳುತ್ತಾರೆ. ಯಾರೇ ಆಗಲಿ, ಪರೀಕ್ಷೆ ಬಂತು ಅಂತ ಮಕ್ಕಳಿಗೆ ಕೊಡಲು ಬಿಬ್ಬಿ ಕೇಳಿಕೊಂಡು ಬರುವ ತಂದೆತಾಯಿಗೆ ನಾನು ಈ ಕಥೆ ಹೇಳಿ ಕಳಿಸುತ್ತೇನೆ.

ನಿವೃತ್ತ ಪೊಲೀಸ್ ಫೌಜದಾರರೊಬ್ಬರು ಹೇಳಿದ್ದು ಇನ್ನೂ ಮಜಾ. ಹೊಲದ ಜಗಳದಲ್ಲಿ ಹೊಡೆದರು ಅಂತ ಸುಳ್ಳು ಕೇಸು ಹಾಕಲು ಕೆಲವರು ಮೈಗೆ ಬಿಬ್ಬಿ ಹಚ್ಚಿಕೊಂಡು ಬಾಸುಂಡೆ ಮಾಡಿಕೊಳ್ಳುತ್ತಿದ್ದರಂತೆ. ನಿಜವಾದ ಏಟು ದಿನ ಕಳೆದಂತೆ ನೀಲಿ, ಹಸಿರು, ಹಳದಿ ಆಗುತ್ತದೆ. ಬಿಬ್ಬಿಯದ್ದು ಕಂದಾಗಿಯೇ ಇರುತ್ತದೆ, ಅಂಚಿಗೆ ಸಣ್ಣ ಗುಳ್ಳೆ, ಮತ್ತೆ ಕೆರೆತ. "ಹೊಡೆಸಿಕೊಂಡವ ಕೆರಕೊಳ್ಳಂಗಿಲ್ರೀ. ಕೆರಕೊಂಡ ಅಂದ್ರ ನಾ ಮೊದಲ ಅವನ ಉಗುರು ನೋಡ್ತಿದ್ದೆ" ಅಂದರು.

ಅಕಸ್ಮಾತ್ ಮೈಗೆ ತಾಗಿದರೆ ತಕ್ಷಣ ಸೋಪು ಹಚ್ಚಿ ಜಾಸ್ತಿ ನೀರಿನಲ್ಲಿ ತೊಳೆಯಿರಿ. ಉಗುರಿನ ಸಂದಿಯನ್ನು ಮರೆಯಬೇಡಿ, ನಾನು ಮರೆತಿದ್ದೆ. ಕೊಬ್ಬರಿ ಎಣ್ಣೆ ಮುಟ್ಟುವ ಮೊದಲು ಹಚ್ಚಿಕೊಳ್ಳುವಂಥದ್ದು. ತಾಗಿದ ಮೇಲೆ ತೊಳೆಯದೆ ಎಣ್ಣೆ ಹಾಕಿ ತಿಕ್ಕಿದರೆ ಅದು ಮತ್ತಷ್ಟು ಹರಡುತ್ತದೆ. ಬಟ್ಟೆಗೆ ತಾಗಿದ್ದರೆ ಅದನ್ನೂ ಬದಲಿಸಿ. ಗುಳ್ಳೆಯ ನೀರು ಹರಿದರೆ ಬೇರೆ ಕಡೆ ಹಬ್ಬುತ್ತದೆ ಅಂತ ಹೆದರುತ್ತಾರೆ, ಹಾಗೇನೂ ಇಲ್ಲ. ಹಬ್ಬುವುದು ಉಳಿದ ಎಣ್ಣೆಯಿಂದ. ಗುಳ್ಳೆ ಒಡೆಯಬೇಡಿ. ಮುಖ ಬಾತರೆ, ಕಣ್ಣಿಗೆ ಹೋದರೆ, ಹೊಟ್ಟೆಗೆ ಹೋಗಿ ಮೂತ್ರ ಕಡಿಮೆಯಾದರೆ ನನ್ನಂಥ ಅಂಗಡಿಯವನ ಹತ್ತಿರ ಬರಬೇಡಿ. ಆಸ್ಪತ್ರೆಗೆ ಹೋಗಿ.

ಇನ್ನು ನಮ್ಮ ಮನೆಯ ಗೋಡಂಬಿ. ಕಾಜು ಬದಿಗಿಟ್ಟು ಮತ್ತೆ ಹೋದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು, "ಅಸಲಿ ಗೋಡಂಬಿ ಈಗ ಯಾರು ಕೇಳ್ತಾರ ಸಾಬ್" ಅನ್ನುತ್ತಲೇ ತೂಕ ಮಾಡಿದರು. ಬೆಲೆ ಕೇಳಿ ಎದೆ ಝಲ್ ಅಂದಿತು. ಯಾಕಿಷ್ಟು ಅಂದರೆ, ಒಡೆಯುವ ಕೆಲಸ ಹಾಗಿದೆ. ವಿದರ್ಭದ ಕಡೆ ಹೆಂಗಸರು ಮನೆಯಲ್ಲಿ ಕೂತು ಒಂದೊಂದೇ ಕಾಯಿ ಕಲ್ಲಿನಿಂದ ಒಡೆದು ತಿರುಳು ತೆಗೆಯುತ್ತಾರೆ. ಎಣ್ಣೆ ಚಿಮ್ಮಿ ಕೈ, ಮುಖ ಕಪ್ಪಾಗಿ ಸುಟ್ಟಿರುತ್ತದೆ. ನೂರು ಗ್ರಾಂ ಬಿಳಿ ತಿರುಳಿನ ಹಿಂದೆ ಯಾರದೋ ಹತ್ತು ಬೆರಳು ಇವೆ.

ಅವ್ವ ಅದನ್ನು ಸೀದಾ ಬಾಣಲೆಗೆ ಹಾಕಲಿಲ್ಲ. ಪರಾತದಲ್ಲಿ ಹರವಿಕೊಂಡು, ಚಾಳೀಸು ಹಾಕಿಕೊಂಡು ಕೂತಳು. ನನ್ನ ಅಂಗಡಿಯ ಹಳೇ ಬಿಲ್ ಪುಸ್ತಕ ತರಿಸಿ ಹಾಳೆಯ ಬಿಳಿ ಬೆನ್ನು ಮೇಲೆ ಮಾಡಿ ಇಟ್ಟುಕೊಂಡಳು. ಒಂದೊಂದೇ ತಿರುಳನ್ನು ಇಕ್ಕಳದಿಂದ ಹಿಡಿದು ಕಾಗದಕ್ಕೆ ಗೀರಿದಳು. ಗೆರೆ ಬೀಳದಿದ್ದರೆ ಬಲಕ್ಕೆ. ಕಂದು ಗೆರೆ ಬಿದ್ದರೆ, ಅಥವಾ ಸಿಪ್ಪೆಯ ಕಪ್ಪು ಚೂರು ಅಂಟಿದ್ದರೆ ಎಡಕ್ಕೆ. ಸ್ವಲ್ಪ ಹೊತ್ತು ಬಿಟ್ಟು ಕಾಗದ ಮತ್ತೊಮ್ಮೆ ನೋಡಿದಳು. ಆಗ ಮೊದಲು ಕಾಣದ ಎರಡು ಗೆರೆ ಕಪ್ಪಾಗಿದ್ದವು. ನಾನು ಎರಡು ವರ್ಷ ಓದಿ ಕಲಿತ ಟೆಸ್ಟುಗಳಲ್ಲಿ ಇಷ್ಟು ಸಸ್ತಾದದ್ದು ಒಂದೂ ಇರಲಿಲ್ಲ. ನೂರು ಗ್ರಾಂನಲ್ಲಿ ಅರವತ್ತು ಉಳಿಯಿತು. ಎಡಕ್ಕೆ ಇಟ್ಟದ್ದು ಸಗಣಿ ಸಿಗದ ಕಾರಣ ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ.

ತುಪ್ಪ ಕಾಯಿತು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು. "ಅಪ್ಪಾ, ಇದು ಸೇಫಾ?"

ನನ್ನ ಬಾಯಿಂದ ಬಂದದ್ದು ಆಯಿಯ ಮಾತು. "ಮಾವಿನ ಸೊನೆ ತಾಗುತ್ತದಾ ನಿನಗೆ?"

"ಗೊತ್ತಿಲ್ವಾ? ಪ್ರತಿ ಬೇಸಿಗೆ ತುಟಿ ಸುತ್ತ ಗುಳ್ಳೆ ಏಳ್ತದಲ್ಲ. ನೀನೇ ಮುಲಾಮು ಕೊಡ್ತಿದ್ದಿ."

ಅವ್ವ ಸೌಟು ಕೆಳಗಿಟ್ಟಳು. ನನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಏನೂ ಹೇಳದೆ ಬೇರೆ ಬಾಣಲೆ, ಬೇರೆ ಸೌಟು ತೆಗೆದಳು. ಮೂಲೆಗಿಟ್ಟಿದ್ದ ಕಾಜು ಪೊಟ್ಟಣ ತಾ ಅಂದಳು. ಮಗಳು ಕಾಜು ಮೊದಲಿನಿಂದ ತಿನ್ನುತ್ತ ಬಂದವಳು, ಅದರಿಂದ ಅವಳಿಗೆ ಎಂದೂ ಏನೂ ಆಗಿಲ್ಲ.

ಉಂಡಿ ಎರಡು ತರ ಆದವು. ನಾನು ಡಬ್ಬಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದಕ್ಕೆ ಕಾಜು, ಒಂದಕ್ಕೆ ಗೋಡಂಬಿ ಅಂತ ಬರೆದೆ. ಅವ್ವ ನಕ್ಕಳು. ಅವಳಿಗೆ ಅದು ಓದಲು ಬರುವುದಿಲ್ಲ. ಮಗಳ ಉಂಡಿಗಳಿಗೆ ಒಂದೊಂದು ಲವಂಗ ಚುಚ್ಚಿದಳು. ಬಿಬ್ಬಿಯದ್ದು ಬರಿದೇ. ದಿನ ಬೆಳಿಗ್ಗೆ ಅವ್ವ ಲವಂಗ ಇಲ್ಲದ್ದನ್ನು ಚಹಾದ ಜೊತೆ ತಿನ್ನುತ್ತಾಳೆ, ಮೊಣಕಾಲಿಗೆ ಒಳ್ಳೆಯದು ಅನ್ನುತ್ತಾಳೆ. ನಾನು ಲವಂಗ ಇದ್ದದ್ದನ್ನು ಹುಡುಕಿ ತಿನ್ನುತ್ತೇನೆ.